ಸುಗುಣ ಆರಿಸಿದ ಮೂಲೆ

ಹೋದ ವರ್ಷ ನಾನೊಂದು ಹಾಲ್‌ಗೆ ಹಳದಿ ಬಣ್ಣ ಬಳಿಸಿದೆ. ಅದಕ್ಕಾಗಿ ನನಗೆ ಶಾಲು ಹೊದಿಸಿದರು, ಕೈಗೊಂದು ಹಣ್ಣಿನ ಬುಟ್ಟಿ ಕೊಟ್ಟರು. ಅದೇ ಹಾಲ್‌ನ ಬಾಗಿಲಿನಾಚೆ, ಒಳಗೆ ಬರಲಾರದೆ, ಒಬ್ಬಳು ಹುಡುಗಿ ಹದಿಮೂರು ದಿನ ನಿಂತಳು.

ಎರಡೂ ನಡೆದದ್ದೇ. ಮೊದಲನೆಯದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಎರಡನೆಯದನ್ನು ಇವತ್ತು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಬ್ಯಾಂಕಿನಿಂದ ನಿವೃತ್ತಿಯಾದ ಮೇಲೆ ನಾನು ಬಂಗಾರಪೇಟೆಯ ಮನೆಯಲ್ಲಿ ಸುಮ್ಮನೆ ಕೂರಲಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. (ನಮ್ಮ ಯಜಮಾನರಿಗೆ ಇನ್ನೂ ಚೆನ್ನಾಗಿ ಗೊತ್ತಿದೆ.) ನನ್ನಂಥ ನಾಲ್ಕು ಜನ ಸೇರಿ ಕೆಜಿಎಫ್‌ನಲ್ಲಿ ಹೆಣ್ಣುಮಕ್ಕಳಿಗೆ ಒಂದು ಹೊಲಿಗೆ ತರಬೇತಿ ನಡೆಸುತ್ತೇವೆ. ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಗಳ ಪಕ್ಕ ಹಳೆಯದೊಂದು ಹಾಲ್ ಇದೆ, ಅದರಲ್ಲಿ. ಆರು ತಿಂಗಳ ಕೋರ್ಸು. ಕೊನೆಗೆ ಹೊರಗಿನಿಂದ ಪರೀಕ್ಷಕರು ಬಂದು, ಬ್ಲೌಸ್ ಹೊಲಿಸಿ ನೋಡಿ, ಸರ್ಟಿಫಿಕೇಟ್ ಕೊಡುತ್ತಾರೆ.

ಹೊಸ ಬ್ಯಾಚ್ ಶುರುವಾಗುವ ಮೊದಲು ಹಾಲ್‌ಗೆ ಕಳೆ ತರುವ ಜವಾಬ್ದಾರಿ ನನ್ನ ಪಾಲಿಗೆ ಬಂತು. ಬಿಡುತ್ತೇನೆಯೇ? ಗೋಡೆಗೆಲ್ಲ ನಿಂಬೆಹಣ್ಣಿನ ಹಳದಿ. ಇದ್ದ ನಾಲ್ಕು ಟ್ಯೂಬ್‌ಲೈಟ್ ಸಾಲದೆಂದು ಪರಿಚಯದವರ ಗೋಡೌನಿನಿಂದ ಇನ್ನೂ ನಾಲ್ಕು. ಒಂದಿಡೀ ಗೋಡೆಗೆ ಕನ್ನಡಿ. ಬಾಗಿಲಿಗೆ ಮಿರಮಿರ ಮಿಂಚುವ ಪ್ಲಾಸ್ಟಿಕ್ ತೋರಣ. ಹಾಡು ಹಾಕಲು ಸ್ಪೀಕರ್. ಪಾಠದ ಅವಧಿ ಮುಗಿಯಿತೆಂದು ತಿಳಿಸಲು ಎಲೆಕ್ಟ್ರಿಕ್ ಬೆಲ್. ಬಂದವರೆಲ್ಲ ಫೋಟೊ ತೆಗೆಸಿಕೊಂಡರು. 'ಈಗ ಕಲಿಯೋಕೆ ಮೂಡ್ ಬರುತ್ತೆ ನೋಡಿ' ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ.

ಸುಗುಣ ಬಂದದ್ದು ಮೊದಲನೇ ದಿನವೇ. ಕ್ಯಾಸಂಬಳ್ಳಿ ಕಡೆಯ ಹಳ್ಳಿ. ಇಪ್ಪತ್ಮೂರು ವರ್ಷ. ಜೊತೆಗೆ ತಾಯಿ ಮುನಿರತ್ನಮ್ಮ, ಟೊಮೆಟೊ ತೋಟಗಳಲ್ಲಿ ಕೂಲಿಗೆ ಹೋಗುವವರು. ತಾಯಿ ಒಳಗೆ ಬಂದರು. ಮಗಳು ಹೊಸ್ತಿಲ ಹತ್ತಿರ ಬಂದು, ಒಮ್ಮೆ ಒಳಗೆ ನೋಡಿ, ದುಪಟ್ಟಾವನ್ನು ಕಿವಿಗೆ ಒತ್ತಿಕೊಂಡು ಹಿಂದಕ್ಕೆ ಸರಿದಳು. ಕಾಂಪೌಂಡಿನ ಬೇವಿನ ಮರದ ಕೆಳಗೆ ಹೋಗಿ ನಿಂತಳು.

"ಇವ್ಳಿಗೆ ಕಿವಿ ಜಾಸ್ತಿ ಮೇಡಮ್ಮೋರೆ," ಎಂದರು ಮುನಿರತ್ನಮ್ಮ. "ಕಣ್ಣೂ ಜಾಸ್ತಿ. ಆಸ್ಪತ್ರೇಲಿ ಅದೇನೋ ಆಟಿಜಮ್ಮು ಅಂತ ಬರ್ಕೊಟ್ಟವ್ರೆ."

ಬರೆದುಕೊಟ್ಟದ್ದು ಅವಳಿಗೆ ಹತ್ತೊಂಬತ್ತಾದಾಗ. ಅಲ್ಲಿಯವರೆಗೆ ಅವಳು ಊರಿನ ಬಾಯಲ್ಲಿ ಬರೀ ಮೊಂಡಿ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ತಗಡಿನ ಸೂರಿನ ಕೆಳಗೆ ಐವತ್ತು ಮಕ್ಕಳು ಒಟ್ಟಿಗೆ ಮಗ್ಗಿ ಕೂಗುವಾಗ ಎದ್ದು ಓಡಿಬಿಡುತ್ತಿದ್ದಳಂತೆ. ಹಿಡಿದು ತರುತ್ತಿದ್ದರಂತೆ. ಮತ್ತೆ ಓಡುತ್ತಿದ್ದಳಂತೆ. ಕೊನೆಗೆ ಹಿಡಿದು ತರುವವರಿಗೇ ಸಾಕಾಯಿತು.

ಆದರೆ ಸೂಜಿ ಎಂದರೆ ಪ್ರಾಣ. ಊರಿನ ಹೆಂಗಸರ ಸೀರೆಗಳಿಗೆ ಕೈಯಲ್ಲೇ ಫಾಲ್ ಹೊಲಿದುಕೊಡುತ್ತಿದ್ದಳು. ಎರಡು ವರ್ಷದಿಂದ ಕ್ಯಾಸಂಬಳ್ಳಿಯ ಟೈಲರ್ ಅಂಗಡಿ ಮುಂದೆ ನಿಂತು ಮಷೀನಿನ ಚಕ್ರ ತಿರುಗುವುದನ್ನು ನೋಡುವುದೇ ಒಂದು ಕೆಲಸ. ಕೋರ್ಸಿನ ಸುದ್ದಿ ಕೇಳಿ ತಾಯಿಯ ಸೆರಗು ಹಿಡಿದು ಬಸ್‌ಸ್ಟಾಪಿಗೆ ಎಳೆದುಕೊಂಡು ಹೋದವಳು ಅವಳೇ.

"ನಾನು ಇರೋವರ್ಗೂ ಎಂಗೋ ನಡೀತೈತೆ," ಎಂದರು ಮುನಿರತ್ನಮ್ಮ. "ಆಮ್ಯಾಕೆ ಅವ್ಳ ಕೈಯಾಗೆ ಒಂದು ಕೆಲ್ಸ ಇರ್ಬೇಕಲ್ಲಮ್ಮ."

ನಾನು ದೊಡ್ಡ ಮನಸ್ಸು ಮಾಡಿ ಹೇಳಿದೆ, "ಹೊಸ ಜಾಗ ಅಲ್ವಾ? ಎರಡು ದಿನ ಹೋಗಲಿ, ಹೊಂದಿಕೊಳ್ತಾಳೆ."

ಎರಡು ದಿನ ಹೋಯಿತು. ಐದು ದಿನ ಹೋಯಿತು. ಸುಗುಣ ದಿನಾ ಬೆಳಿಗ್ಗೆ ಬಸ್ಸಿಳಿದು ಬರುತ್ತಿದ್ದಳು, ಹೊಸ್ತಿಲವರೆಗೆ ನಡೆಯುತ್ತಿದ್ದಳು, ಬೇವಿನ ಮರಕ್ಕೆ ವಾಪಸ್ಸಾಗುತ್ತಿದ್ದಳು. ಮಧ್ಯಾಹ್ನದವರೆಗೆ ನಿಂತು, ತಾಯಿಯೊಂದಿಗೆ ಊರಿಗೆ ಹೋಗುತ್ತಿದ್ದಳು. ತಾಯಿಗೆ ಕೂಲಿ ತಪ್ಪುತ್ತಿತ್ತು. ಒಂದು ದಿನವೂ ಬೇಸರ ತೋರಿಸಲಿಲ್ಲ ಆಕೆ.

ಕಲಿಸುವ ಶಾಂತಿ ಟೀಚರ್ ಹಾಜರಿ ಪುಸ್ತಕದಲ್ಲಿ ದಿನಾ ಆಬ್ಸೆಂಟ್ ಹಾಕುತ್ತಿದ್ದರು.

"ಕಾಂಪೌಂಡ್ ಒಳಗೇ ಇದ್ದಾಳಲ್ರೀ," ಎಂದೆ ನಾನು.

"ಮರದ ಕೆಳಗೆ ನಿಂತ್ರೆ ಆಬ್ಸೆಂಟೇ ಮೇಡಂ," ಎಂದರು ಶಾಂತಿ. "ಹದಿನೈದು ದಿನ ಆದ್ರೆ ಹೆಸರು ಹೊಡೀಬೇಕು. ರೂಲ್ಸ್ ಮಾಡಿದ್ದು ನೀವೇ ತಾನೆ?"

ನಾನೇ. ಕಾಯುತ್ತಿರುವ ಹುಡುಗಿಯರ ಪಟ್ಟಿ ಉದ್ದ ಇತ್ತು. ಖಾಲಿ ಮಷೀನ್ ಇಟ್ಟುಕೊಂಡು ಕೂರುವುದು ತಪ್ಪೆಂದು ಮೀಟಿಂಗಿನಲ್ಲಿ ಮೇಜು ಕುಟ್ಟಿ ವಾದಿಸಿದವಳೂ ನಾನೇ.

ಹನ್ನೊಂದನೇ ದಿನ ನನಗೆ ಜ್ಞಾನೋದಯವಾಯಿತು. ಸ್ವಂತ ಬುದ್ಧಿಯಿಂದಲ್ಲ, ಯೂಟ್ಯೂಬ್‌ನಿಂದ. ಆಟಿಸಂ ಇರುವವರಿಗೆ ಶಬ್ದ, ಬೆಳಕು, ವಾಸನೆ, ಸ್ಪರ್ಶ ನಮಗೆ ತಟ್ಟಿದ ಹಾಗೆ ತಟ್ಟುವುದಿಲ್ಲ. ನಮಗೆ ಒಂದಾದದ್ದು ಅವರಿಗೆ ಹತ್ತಾಗಬಹುದು. ಅದಕ್ಕಾಗಿ ವಿದೇಶಗಳ ಶಾಲೆಗಳಲ್ಲಿ 'ಸೆನ್ಸರಿ ರೂಮ್' ಅಂತ ಮಾಡಿರುತ್ತಾರೆ. ವಿಡಿಯೊದಲ್ಲಿ ಎಷ್ಟು ಚೆನ್ನಾಗಿತ್ತು ಅಂತೀರಿ!

ಹಾಲ್ ಪಕ್ಕದಲ್ಲೊಂದು ಉಗ್ರಾಣದ ಕೋಣೆ ಇತ್ತು. ಎರಡೇ ದಿನದಲ್ಲಿ ಅದಕ್ಕೆ ಆಕಾಶನೀಲಿ ಬಣ್ಣ. ಸೀಲಿಂಗಿಗೆ ನಕ್ಷತ್ರದ ಸ್ಟಿಕ್ಕರ್. ಬಣ್ಣ ಬದಲಾಯಿಸುವ ದೀಪ. ರಾಬರ್ಟ್‌ಸನ್‌ಪೇಟೆಯಿಂದ ತಂದ ಬೀನ್ ಬ್ಯಾಗ್. ಮನಸ್ಸಿಗೆ ಶಾಂತಿ ಕೊಡುತ್ತದೆಯೆಂದು ಲ್ಯಾವೆಂಡರ್ ಪರಿಮಳದ ಸ್ಪ್ರೇ ಬೇರೆ. ಬಾಗಿಲಿಗೆ ಬೋರ್ಡ್ ಕೂಡ ಬರೆಸಿದೆ.

ಸುಗುಣ ಒಳಗೆ ಹೋದಳು. ನಾಲ್ಕು ಸೆಕೆಂಡ್ ಇದ್ದಿರಬಹುದು. ಬಾಯಿಗೆ ಕೈ ಅಡ್ಡ ಹಿಡಿದು ಹೊರಗೋಡಿ ಬಂದು, ಗೇಟಿನ ಹತ್ತಿರ ವಾಂತಿ ಮಾಡಿಕೊಂಡಳು.

ನನಗೆ ಅಳು ಬಂತು. ನಿಜ ಹೇಳಬೇಕೆಂದರೆ ಸಿಟ್ಟೇ ಹೆಚ್ಚು ಬಂತು. ಇಷ್ಟೆಲ್ಲ ಮಾಡಿದರೂ ಹೀಗಾ? 'ಇನ್ನು ನನ್ನ ಕೈಲಾಗಲ್ಲ ಮುನಿರತ್ನಮ್ಮ' ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಮಗಳ ಮುಖ ತೊಳೆಸಿ, ಸೆರಗಿನಲ್ಲಿ ಒರೆಸಿ, ಆಕೆ ನನ್ನ ಹತ್ತಿರ ಬಂದರು.

"ಮೇಡಮ್ಮೋರೆ, ತಪ್ಪು ತಿಳ್ಕಬ್ಯಾಡಿ. ಒಂದು ಮಾತ್ ಕೇಳ್ಲಾ?"

"ಕೇಳಿ."

"ಆ ರೂಮು ಯಾರ್ಗೆ ಮಾಡಿದ್ದು?"

"ನಿಮ್ಮ ಮಗಳಿಗೇ ಅಲ್ವಾ!"

"ಅವ್ಳನ್ನ ಕೇಳಿದ್ರಾ?"

"ಅವಳು ಮಾತೇ ಆಡಲ್ಲವಲ್ಲಮ್ಮಾ."

"ಬಾಯಲ್ಲಿ ಆಡ್ದೇ ಇದ್ರೆ ಏನೂ ಏಳಾಕೇ ಬರಲ್ಲ ಅಂತಾನಾ?" ಎಂದರು ಮುನಿರತ್ನಮ್ಮ. ಕೋಪದಲ್ಲಿ ಅಲ್ಲ. ಸಣ್ಣ ಮಗುವಿಗೆ ಲೆಕ್ಕ ಹೇಳಿಕೊಡುವ ಹಾಗೆ. "ಯಾರೂ ಇಲ್ದಾಗ ಒಂದ್ ದಪ ಒಳಗ್ ಬಿಡಿ. ನೀವೂ ಬನ್ನಿ. ಆದ್ರೆ ಮಾತಾಡ್ಬಾರ್ದು."

ಭಾನುವಾರ ಬೆಳಿಗ್ಗೆ ಮೂವರೂ ಸೇರಿದೆವು. ನಾನು ಬೀಗ ತೆಗೆದು, ಅಭ್ಯಾಸಬಲದಿಂದ ಎಲ್ಲ ಸ್ವಿಚ್ಚುಗಳನ್ನೂ ಹಾಕಿ, ಬಾಗಿಲ ಪಕ್ಕದ ಸ್ಟೂಲ್ ಮೇಲೆ ಕೂತೆ. ಸುಗುಣ ಹೊಸ್ತಿಲ ಮೇಲೆ ಕೂತಳು. ತಾಯಿ ಮೆಟ್ಟಿಲ ಮೇಲೆ.

ಅರ್ಧ ಗಂಟೆ ಬಾಯಿಮುಚ್ಚಿ ಕೂತಿದ್ದೀರಾ ಎಂದಾದರೂ? ನಾನು ಕೂತಿರಲಿಲ್ಲ. ಹತ್ತನೇ ನಿಮಿಷಕ್ಕೆ 'ಏನಮ್ಮಾ, ಹೇಗನಿಸ್ತಿದೆ?' ಎಂದು ಕೇಳಲು ಬಾಯಿ ತೆರೆದೆ. ಮುನಿರತ್ನಮ್ಮ ತುಟಿಯ ಮೇಲೆ ಬೆರಳಿಟ್ಟರು. ಮುಚ್ಚಿದೆ.

ಸುಗುಣ ಎದ್ದಳು. ನೇರ ಸ್ವಿಚ್ ಬೋರ್ಡಿನ ಹತ್ತಿರ ಹೋಗಿ ಒಂದೊಂದೇ ಟ್ಯೂಬ್‌ಲೈಟ್ ಆರಿಸಿದಳು. ಎಂಟನೆಯದು ಆರಿದಾಗ ನನ್ನ ತಲೆಯೊಳಗೆ ಏನೋ ನಿಂತುಹೋದಂತಾಯಿತು. ಗುಂಯ್ ಎನ್ನುವ ಸದ್ದೊಂದು ಅಷ್ಟು ಹೊತ್ತೂ ಆ ಹಾಲ್‌ನಲ್ಲಿ ಇತ್ತು. ನಿಂತ ಮೇಲೆ ನನಗೆ ಕೇಳಿಸಿತು.

ಆಮೇಲೆ ತೋರಣ. ಕುರ್ಚಿ ಹತ್ತಿ, ಅದನ್ನು ಬಿಚ್ಚಿ, ಅಚ್ಚುಕಟ್ಟಾಗಿ ಸುತ್ತಿ ನನ್ನ ಮಡಿಲಿಗೆ ಹಾಕಿದಳು. ಕನ್ನಡಿಯ ಮುಂದೆ ಹೋಗಿ ನಿಂತಳು. ಅಲ್ಲಿದ್ದ ಬಟ್ಟೆಯ ಥಾನು ಬಿಚ್ಚಿ ಅದರ ಮೇಲೆ ಇಳಿಬಿಟ್ಟಳು. ಫ್ಯಾನುಗಳಲ್ಲಿ ಒಂದು ಮಾತ್ರ ಟಕಟಕ ಎನ್ನುತ್ತಿತ್ತು. ಅದನ್ನು ನಿಲ್ಲಿಸಿದಳು, ಉಳಿದೆರಡನ್ನು ಹಾಗೇ ಬಿಟ್ಟಳು. ಬೆಲ್ ಕೆಳಗೆ ನಿಂತು ಅದನ್ನೇ ನೋಡಿದಳು, ನನ್ನನ್ನು ನೋಡಿದಳು. ತೆಗೆಸುತ್ತೇನೆಂದು ನಾನು ತಲೆಯಾಡಿಸಿದೆ.

ಕೊನೆಗೆ ಹಾಲ್‌ನ ಮೂಲೆ ಮೂಲೆಗೂ ಹೋಗಿ ನಿಂತು ನೋಡಿ, ಈಶಾನ್ಯದ ಮೂಲೆಯಲ್ಲಿ ನಿಂತುಬಿಟ್ಟಳು. ಎಡಕ್ಕೆ ಕಿಟಕಿ, ಎದುರಿಗೆ ಗೋಡೆ. ಒಂದು ಮಷೀನನ್ನು ತಾನೇ ದೂಡಿಕೊಂಡು ಬಂದು ಗೋಡೆಗೆ ಮುಖ ಮಾಡಿ ಇಟ್ಟಳು. ಕೂತಳು. ಕಾಲು ಪೆಡಲಿನ ಮೇಲೆ ಹೋಯಿತು. ಚಕ್ರ ತಿರುಗಿತು.

ನಾನು ಕಾದೆ. ಈ ಸದ್ದಿಗೆ ಕಿವಿ ಮುಚ್ಚುತ್ತಾಳೆಂದು. ಮುಚ್ಚಲಿಲ್ಲ. ತಾನು ತುಳಿದರೆ ಸದ್ದು, ಬಿಟ್ಟರೆ ಮೌನ. ಅದು ಅವಳ ಕಾಲಿನ ಕೆಳಗಿನ ಸದ್ದು. ಅವಳನ್ನು ಓಡಿಸುತ್ತಿದ್ದದ್ದು ಯಾರೋ, ಯಾವಾಗಲೋ, ಎಲ್ಲಿಂದಲೋ ಮಾಡುವ ಸದ್ದು.

ಮತ್ತೊಂದು ಸಂಗತಿ ಗಮನಿಸಿದಿರಾ? ನಾನು ಅವಳಿಗೆ ಬೇರೆ ಕೋಣೆ ಮಾಡಿಕೊಟ್ಟಿದ್ದೆ. ಅವಳು ಆ ಕೋಣೆಯ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಬೇಕಿದ್ದದ್ದು ಎಲ್ಲರೂ ಹೊಲಿಯುವ ಹಾಲ್‌ನಲ್ಲೇ ಒಂದು ಜಾಗ.

ಸೋಮವಾರ ಅವಳ ಹದಿನಾಲ್ಕನೇ ದಿನ. ಆರಿದ ದೀಪಗಳ ಹಾಲ್‌ಗೆ ಸುಗುಣ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ಶಾಂತಿ ಟೀಚರ್ ಹಾಜರಿ ಪುಸ್ತಕ ತೆರೆದು, ಅವಳನ್ನು ನೋಡಿ, ಪ್ರೆಸೆಂಟ್ ಹಾಕಿದರು. ಆಮೇಲೆ ನನ್ನನ್ನು ಹೊರಗೆ ಕರೆದರು.

"ಅಯ್ಯೋ ಮೇಡಂ, ಒಬ್ಬಳಿಗೋಸ್ಕರ ಹನ್ನೊಂದು ಜನ ಕತ್ತಲಲ್ಲಿ ಹೊಲೀಬೇಕಾ? ಸೂಜಿ ಕಣ್ಣು ಕಾಣ್ಬೇಕಲ್ಲ!"

ಮಾತು ಸರಿಯೇ. ಎಲೆಕ್ಟ್ರಿಷಿಯನ್ ಸೆಲ್ವಂ ಅವರನ್ನು ಕರೆಸಿದೆ. ನಂದಿದುರ್ಗ ಲೈನ್‌ನಲ್ಲೇ ಹುಟ್ಟಿ ಬೆಳೆದವರು. ಏಣಿ ಹತ್ತಿ ಟ್ಯೂಬ್‌ಲೈಟ್ ಬಿಚ್ಚಿ ನೋಡಿ ನಕ್ಕರು.

"ಚೋಕ್ ಎಲ್ಲಾ ಹೋಗ್ಬಿಟ್ಟಿದೆ ಮಾ. ಅದಕ್ಕೇ ಗುಂಯ್ ಅನ್ನೋದು. ಲೈಟೂ ಅದುರ್ತಾ ಇದೆ, ನಮ್ ಕಣ್ಣಿಗೆ ಗೊತ್ತಾಗಲ್ಲ. ಆ ಪಾಪಾಗೆ ಗೊತ್ತಾಗಿದೆ."

ಟ್ಯೂಬ್‌ಗಳನ್ನು ಇಳಿಸಿ ಹಾಕಿದರು. ಪ್ರತಿ ಮಷೀನಿನ ಮೇಲೂ, ಸೂಜಿಯ ಜಾಗಕ್ಕಷ್ಟೇ ಬೆಳಕು ಬೀಳುವ ಹಾಗೆ, ಸಣ್ಣ ಹಳದಿ ಬಲ್ಬು. ಅದಕ್ಕೊಂದು ಶೇಡ್, ಅದಕ್ಕೊಂದು ಬೇರೆ ಸ್ವಿಚ್. ಬೇಕಾದವರು ಹಾಕಿಕೊಳ್ಳಲಿ, ಬೇಡದವರು ಬಿಡಲಿ. ಕೆಲಸ ಮಾಡುತ್ತಲೇ ಸೆಲ್ವಂ ಹೇಳಿದರು, "ನಮ್ಮಪ್ಪ ಮೈನ್ಸಲ್ಲಿ ಅಂಡರ್‌ಗ್ರೌಂಡ್ ಡ್ರಿಲ್ಲರ್ ಮಾ. ಶಿಫ್ಟ್ ಮುಗಿಸಿ ಬಂದ್ರೆ ಒಂದು ಗಂಟೆ ಮನೇಲಿ ಯಾರೂ ಪೇಸಕೂಡಾದು, ಮಾತೇ ಆಡ್ಬಾರ್ದು. ಪಾತ್ರೆ ಸೌಂಡ್ ಕೂಡ ಆಗ್ಬಾರ್ದು. ಕಿವಿಯೊಳಗೆ ಇನ್ನೂ ಡ್ರಿಲ್ಲು ಓಡ್ತಾ ಇದೆ ಅಂತಿದ್ರು. ನಾವೆಲ್ಲಾ ಸುಮ್ನೆ ಇರ್ತಿದ್ವಿ. ಅದೇನು ಕಷ್ಟ ಮಾ?"

ಹೌದಲ್ಲ, ಅದೇನು ಕಷ್ಟ?

ಆದರೂ ಮೊದಲ ವಾರ ಸುಲಭವಾಗಿರಲಿಲ್ಲ. ಶಾಂತಿ ಟೀಚರ್‌ಗೆ ಎಲ್ಲರ ಗಮನ ಸೆಳೆಯಲು ಕತ್ತರಿಯಿಂದ ಮೇಜು ಬಡಿಯುವ ಅಭ್ಯಾಸ. ಎರಡು ಸಲ ಬಡಿದರು. ಎರಡು ಸಲವೂ ಸುಗುಣ ಎದ್ದು ಬೇವಿನ ಮರಕ್ಕೆ ಹೋದಳು. ಮೂರನೇ ಸಲ ಶಾಂತಿ ಕತ್ತರಿ ಎತ್ತಿ, ಅರ್ಧದಲ್ಲಿ ನಿಲ್ಲಿಸಿ, ಪಕ್ಕದಲ್ಲಿದ್ದ ಬಿಳಿ ಲೈನಿಂಗ್ ಬಟ್ಟೆ ಎತ್ತಿ ಹಿಡಿದರು. ಹುಡುಗಿಯರು ಕಿಸಕ್ಕನೆ ನಕ್ಕರು. 'ಏನ್ ಟೀಚರ್, ಶಾಂತಿ ಸಂಧಾನಾನಾ?' ಎಂದಳೊಬ್ಬಳು. ಆದರೆ ಎಲ್ಲರೂ ತಿರುಗಿ ನೋಡಿದರು. ಅಲ್ಲಿಂದ ಬಿಳಿ ಬಟ್ಟೆಯೇ ಗಟ್ಟಿಯಾಯಿತು. ತಿಂಗಳು ಕಳೆದ ಮೇಲೆ ಶಾಂತಿ ನನ್ನ ಹತ್ತಿರ ಬಂದು, "ಮೇಡಂ, ಹತ್ತು ವರ್ಷದಿಂದ ಸಾಯಂಕಾಲ ಆದ್ರೆ ಗಂಟಲು ನೋಯ್ತಿತ್ತು. ಈಗ ಇಲ್ಲ," ಎಂದರು.

ಇವತ್ತು ಏನು ಪಾಠ, ಆಮೇಲೆ ಏನು ಎಂಬುದು ಮುಂಚೆಯೇ ತಿಳಿದಿದ್ದರೆ ಸುಗುಣ ನಿರಾಳ. ಶಾಂತಿ ಅದಕ್ಕೂ ದಾರಿ ಹುಡುಕಿದರು. ಗೋಡೆಗೊಂದು ದಾರ ಕಟ್ಟಿ, ಕಾಲರ್, ತೋಳು, ಹುಕ್ಕಿನ ಪಟ್ಟಿ ಹೀಗೆ ಸ್ಯಾಂಪಲ್‌ಗಳನ್ನು ಕ್ರಮವಾಗಿ ನೇತುಹಾಕಿದರು. ಮುಗಿದದ್ದನ್ನು ತೆಗೆದು ಬುಟ್ಟಿಗೆ ಹಾಕುವುದು. ಇದು ಎಲ್ಲರಿಗೂ ಎಷ್ಟು ಹಿಡಿಸಿತೆಂದರೆ, ಬುಟ್ಟಿಗೆ ಹಾಕುವ ಸರದಿಗೆ ಜಗಳವೇ ಆಗುತ್ತಿತ್ತು. (ಮೆಲುದನಿಯ ಜಗಳ.)

ತಗಡಿನ ಸೂರಿನ ಹಾಲ್‌ನಲ್ಲಿ ಒಂದು ಸಣ್ಣ ಸದ್ದೂ ನಾಲ್ಕಾಗಿ ಮೊಳಗುತ್ತಿತ್ತು. ಅದಕ್ಕೆ ಹುಡುಗಿಯರೇ ಉಪಾಯ ಕಂಡುಕೊಂಡರು. ಕತ್ತರಿಸಿ ಉಳಿದ ಚೂರುಬಟ್ಟೆಗಳನ್ನು ತುಂಬಿ, ದಪ್ಪ ಪರದೆಗಳನ್ನು ಹೊಲಿದು ಗೋಡೆಗಳಿಗೆ ಇಳಿಬಿಟ್ಟರು. ಮಷೀನುಗಳ ಕಾಲಿನ ಕೆಳಗೆ ಗೋಣಿಚೀಲದ ಮಡಿಕೆ. ಬೂದಿಕೋಟೆಯಿಂದ ಬರುತ್ತಿದ್ದ ಗಂಗರತ್ನಳಿಗೆ ವಾರಕ್ಕೆರಡು ಸಲ ಅರೆತಲೆನೋವು ಬರುತ್ತಿತ್ತು. ಅವಳು ಒಂದು ದಿನ ಹೇಳದೆ ಕೇಳದೆ ತನ್ನ ಮಷೀನನ್ನೂ ಸುಗುಣಳ ಪಕ್ಕಕ್ಕೆ ದೂಡಿಕೊಂಡು ಹೋಗಿ, ಗೋಡೆಗೆ ಮುಖ ಮಾಡಿ ಕೂತಳು. "ಇಲ್ಲಿ ತಲೆ ತಣ್ಣಗಿರ್ತೈತೆ ಟೀಚರ್," ಎಂದಳು.

ಇನ್ನು ನನ್ನ ನಿಂಬೆಹಣ್ಣಿನ ಹಳದಿ. ದಸರಾ ರಜೆಯಲ್ಲಿ ಅದನ್ನೂ ಬದಲಿಸಿದೆವು. ಯಾವ ಬಣ್ಣ ಎಂದು ಈ ಸಲ ಶೇಡ್ ಕಾರ್ಡನ್ನು ನಾನು ನೋಡಲಿಲ್ಲ. ಸುಗುಣಳ ಮುಂದೆ ಹತ್ತಾರು ಬಟ್ಟೆ ಹರಡಿದೆವು. ಅವಳು ತೊಳೆದು ತೊಳೆದು ಮಾಸಿದ ಗೋಣಿಬಣ್ಣದ ಒಂದು ತುಂಡಿನ ಮೇಲೆ ಕೈಯಿಟ್ಟು, "ಇದು," ಎಂದಳು.

ನಾನು ಅವಳ ಬಾಯಿಂದ ಕೇಳಿದ ಮೊದಲ ಮಾತು ಅದು.

ಪೇಂಟರ್ ನನ್ನನ್ನೇ ಅನುಮಾನದಿಂದ ನೋಡಿದ. ಹೊಸ ಹಳದಿಯ ಮೇಲೆ ಯಾರಾದರೂ ಇಂಥ ಬಣ್ಣ ಬಳಿಸುತ್ತಾರೆಯೇ? ಬಳಿಸಿದೆವು. ವಾಸನೆ ಹೋಗಲೆಂದು ಹತ್ತು ದಿನ ಕಿಟಕಿ ಬಾಗಿಲು ತೆರೆದಿಟ್ಟೆವು. ಪಕ್ಕದ ಕೋಣೆಯಿಂದ ನಕ್ಷತ್ರ, ದೀಪ, ಬೋರ್ಡು ಎಲ್ಲ ಹೊರಗೆ ಹೋದವು. ಅಲ್ಲೀಗ ಒಂದು ಚಾಪೆ, ಒಂದು ಕಿಟಕಿ, ಒಂದು ದಪ್ಪ ಪರದೆ ಇದೆ, ಅಷ್ಟೆ. ತಲೆ ಬಿಸಿಯಾದವರು ಯಾರು ಬೇಕಾದರೂ ಹೋಗಿ ಕೂರಬಹುದು. ಯಾಕೆಂದು ಯಾರೂ ಕೇಳುವುದಿಲ್ಲ. ಬೀನ್ ಬ್ಯಾಗ್ ನಮ್ಮನೆಗೆ ಬಂತು. ನಮ್ಮ ಯಜಮಾನರು ಅದರಲ್ಲಿ ಕೂತರೆ ಎಬ್ಬಿಸಲು ಇಬ್ಬರು ಬೇಕು.

ಸುಗುಣ ಕಲಿತದ್ದು ಒಂದೇ ನೆಗೆತಕ್ಕೆ ಎಂದುಕೊಳ್ಳಬೇಡಿ. ತೋಳು ಕೂಡಿಸುವುದು ಬರಲೇ ಇಲ್ಲ. ಒಂದೇ ತೋಳನ್ನು ಒಂಬತ್ತು ಸಲ ಬಿಚ್ಚಿ ಹೊಲಿದಳು. ಸ್ಯಾಟಿನ್ ಬಟ್ಟೆ ಮುಟ್ಟಲೇ ಇಲ್ಲ, ಇವತ್ತಿಗೂ ಮುಟ್ಟುವುದಿಲ್ಲ. ಮಾರ್ಕಿಂಗ್ ಚಾಕ್‌ನ ಪುಡಿ ಕೈಗೆ ಅಂಟಿದರೆ ಕೆಲಸ ನಿಲ್ಲಿಸುತ್ತಿದ್ದಳು. ಶಾಂತಿ ಪೆನ್ಸಿಲ್ ಕೊಟ್ಟರು. ಬೇರೆಯವರ ಮೈಗೆ ಟೇಪ್ ಹಿಡಿದು ಅಳತೆ ತೆಗೆಯುವುದು ಅವಳಿಂದ ಆಗದು. ಹಾಗಾದರೆ ಟೈಲರ್ ಆಗುವುದು ಹೇಗೆ ಎಂದು ನಾವೆಲ್ಲ ಚಿಂತೆ ಮಾಡುತ್ತಿದ್ದಾಗ ಮುನಿರತ್ನಮ್ಮ ನಕ್ಕುಬಿಟ್ಟರು.

"ನಮ್ ಕಡೆ ಯಾರಮ್ಮ ಮೈ ಅಳತೆ ಕೊಡ್ತಾರೆ? ಎಲ್ರೂ ಅಳತೆ ಬ್ಲೌಸೇ ಕೊಡಾದು!"

ಹೌದಲ್ಲ! ನನ್ನ ಬ್ಲೌಸನ್ನೂ ಮೂವತ್ತು ವರ್ಷದಿಂದ ಹಾಗೇ ಹೊಲಿಸುತ್ತಿದ್ದೇನೆ.

ಹೋದ ತಿಂಗಳು ಪರೀಕ್ಷೆ ಬಂತು.

ಪರೀಕ್ಷಕಿ ಹೊರಗಿನವರು, ಚುರುಕು, ಗಟ್ಟಿ ದನಿ. ನಾವು ಮೊದಲೇ ಸುಗುಣಳ ವಿಷಯ ಬರೆದು ತಿಳಿಸಿದ್ದೆವು. ಮೂರು ಗಂಟೆಯಲ್ಲಿ ಒಂದು ಲೈನಿಂಗ್ ಬ್ಲೌಸ್ ಮುಗಿಸಬೇಕು. ಶಾಂತಿ ಬಿಳಿ ಬಟ್ಟೆ ಎತ್ತಿದರು, ಹನ್ನೆರಡು ಚಕ್ರಗಳು ತಿರುಗಿದವು. ಎರಡು ಗಂಟೆ ಎಲ್ಲವೂ ಚೆನ್ನಾಗಿಯೇ ನಡೆಯಿತು. ಪರೀಕ್ಷಕಿ ಸಾಲುಗಳ ನಡುವೆ ಓಡಾಡುತ್ತ ಸುಗುಣಳ ಹಿಂದೆ ಬಂದು ನಿಂತರು. ಗೋಡೆಗೆ ಮುಖ ಮಾಡಿ ಕೂತವಳು ತಿರುಗಿ ನೋಡಲಿಲ್ಲ.

"ಏನಮ್ಮಾ, ಇಷ್ಟು ನಿಧಾನ ಮಾಡಿದ್ರೆ ಹೇಗೆ?" ಎಂದವರೇ ಕೈಯಲ್ಲಿದ್ದ ಮರದ ಸ್ಕೇಲಿನಿಂದ ಅವಳ ಮಷೀನಿನ ಹಲಗೆಗೆ ಪಟಪಟ ಎಂದು ಎರಡು ಬಡಿದರು.

ಬೈಯುವ ಉದ್ದೇಶವಿರಲಿಲ್ಲ. ಅಭ್ಯಾಸ. ನಮ್ಮೆಲ್ಲರಿಗೂ ಇರುವಂಥದ್ದೇ.

ಸುಗುಣಳ ಎರಡು ಕೈಯೂ ಕಿವಿಗೆ ಹೋದವು. ಅರ್ಧ ಹೊಲಿದ ಬ್ಲೌಸ್ ನೆಲಕ್ಕೆ ಬಿತ್ತು. ಅವಳು ಎದ್ದಳು. ಹನ್ನೊಂದು ಮಷೀನುಗಳು ನಿಂತವು. ಬಾಗಿಲಾಚೆ ಕೂತಿದ್ದ ಮುನಿರತ್ನಮ್ಮ ಎದ್ದು ನಿಂತರು. ಇನ್ನೇನು, ಬೇವಿನ ಮರ. ಅಲ್ಲಿಂದ ಗೇಟು. ಅಲ್ಲಿಂದ ಬಸ್ಸು.

ಸುಗುಣ ಬಾಗಿಲಿನ ಕಡೆ ಬರಲಿಲ್ಲ. ಪಕ್ಕದ ಕೋಣೆಗೆ ಹೋಗಿ, ಪರದೆ ಎಳೆದುಕೊಂಡಳು.

"ಎದ್ದು ಹೋದ್ರೆ ನಾನೇನ್ ಮಾಡ್ಲಿ ಮೇಡಂ?" ಎಂದರು ಪರೀಕ್ಷಕಿ. ಮುಖದಲ್ಲಿ ಗಾಬರಿ. ಒಂದು ಹೆಜ್ಜೆ ಪರದೆಯ ಕಡೆ ಇಟ್ಟರು, ಸಮಾಧಾನ ಮಾಡಲೆಂದೇ ಇರಬೇಕು.

ಶಾಂತಿ ಟೀಚರ್ ಅವರಿಗೆ ಅಡ್ಡ ನಿಂತರು. ಒಬ್ಬಳಿಗೋಸ್ಕರ ಹನ್ನೊಂದು ಜನವೇ ಎಂದು ಕೇಳಿದ್ದ ಅದೇ ಶಾಂತಿ.

"ಹೋಗ್ಬೇಡಿ ಮೇಡಂ," ಎಂದರು ಮೆಲ್ಲಗೆ. "ಅವಳು ಎದ್ದು ಹೋಗಿಲ್ಲ. ಪರೀಕ್ಷೇಲೇ ಇದ್ದಾಳೆ. ಬರ್ತಾಳೆ."

ಗಂಗರತ್ನ ಬಗ್ಗಿ, ಬಿದ್ದಿದ್ದ ಬ್ಲೌಸನ್ನು ಎತ್ತಿ, ಧೂಳು ಕೊಡವಿ, ಸುಗುಣಳ ಮಷೀನಿನ ಮೇಲೆ ಇಟ್ಟು, ತನ್ನ ಜಾಗಕ್ಕೆ ವಾಪಸ್ಸಾದಳು. ಹುಡುಗಿಯರು ಒಬ್ಬೊಬ್ಬರಾಗಿ ಮತ್ತೆ ಹೊಲಿಯತೊಡಗಿದರು. ನಾನು ಗಡಿಯಾರ ನೋಡಿದೆ. ಐದು ನಿಮಿಷ. ಎಂಟು. ಹನ್ನೆರಡು. ಮುನಿರತ್ನಮ್ಮ ಹೊಸ್ತಿಲ ಮೇಲೆ ನಿಂತೇ ಇದ್ದರು, ಒಳಗೆ ಕಾಲಿಡಲಿಲ್ಲ. ಅಷ್ಟು ಹೊತ್ತು ಆಕೆ ಹೇಗೆ ತಡೆದುಕೊಂಡರೋ!

ಹದಿನಾಲ್ಕನೇ ನಿಮಿಷಕ್ಕೆ ಪರದೆ ಸರಿಯಿತು. ಸುಗುಣ ಯಾರನ್ನೂ ನೋಡದೆ ಬಂದು, ಕೂತು, ದಾರ ಸರಿಮಾಡಿ, ತೋಳು ಎತ್ತಿಕೊಂಡಳು. ಅದೇ ತೋಳು. ಒಂಬತ್ತು ಸಲ ಬಿಚ್ಚಿ ಕಲಿತ ತೋಳು. ಒಂದೇ ಸಲಕ್ಕೆ ಕೂಡಿಸಿದಳು.

ಸಮಯ ಮುಗಿಯಲು ನಾಲ್ಕು ನಿಮಿಷ ಇರುವಾಗ ಕೊನೆಯ ಹುಕ್ಕು ಬಿತ್ತು. ಬ್ಲೌಸನ್ನು ಮಡಿಚಿ ಮೇಜಿನ ಮೇಲಿಟ್ಟು, ತನ್ನ ಬಲ್ಬು ಆರಿಸಿದಳು.

ಪರೀಕ್ಷಕಿ ಎಲ್ಲರ ಬ್ಲೌಸನ್ನೂ ಹೊರಮೈ ನೋಡಿ ಗುರುತು ಹಾಕಿಕೊಳ್ಳುತ್ತಿದ್ದರು. ಸುಗುಣಳದನ್ನು ಕೈಗೆತ್ತಿಕೊಂಡವರು ಒಳಮೈ ಹೊರಗೆ ತಿರುಗಿಸಿದರು. ಟೈಲರ್‌ನ ಬಂಡವಾಳ ಗೊತ್ತಾಗುವುದು ಅಲ್ಲೇ. ಒಂದು ಎಳೆ ನೇತಾಡುತ್ತಿರಲಿಲ್ಲ. ಒಂದು ಅಂಚು ಬಿಟ್ಟುಕೊಂಡಿರಲಿಲ್ಲ. ಮೂರು ಸಲ ತಿರುಗಿಸಿ ನೋಡಿದರು. ಆಮೇಲೆ, ದನಿ ತಗ್ಗಿಸಿ (ಅಷ್ಟು ಹೊತ್ತಿಗೆ ಅವರಿಗೂ ಅಭ್ಯಾಸವಾಗಿತ್ತು) ನನ್ನನ್ನು ಕೇಳಿದರು, "ಇದನ್ನ ಬೇರೆ ಸೆಂಟರ್‌ಗಳಲ್ಲಿ ತೋರಿಸೋಕೆ ತಗೊಂಡು ಹೋಗ್ಲಾ?"

"ನನ್ನನ್ನಲ್ಲ, ಅವಳನ್ನ ಕೇಳಿ," ಎಂದೆ. ಅಷ್ಟಾದರೂ ಕಲಿತಿದ್ದೆನಲ್ಲ!

ಪರೀಕ್ಷಕಿ ಕೇಳಿದರು. ಕಾದರು.

"ಬೇಡ," ಎಂದಳು ಸುಗುಣ. "ಅಮ್ಮಂದು."

ಅಳತೆ ಬ್ಲೌಸ್ ಅವಳ ಅಮ್ಮನದೇ ಆಗಿತ್ತು. ಮುನಿರತ್ನಮ್ಮ ಆ ಹೊಸ ಬ್ಲೌಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದರು. ಮರಕ್ಕೆ ಮುಖ ಮಾಡಿ ಒಂದಷ್ಟು ಹೊತ್ತು ನಿಂತಿದ್ದರು. ನಾವು ಯಾರೂ ಆ ಕಡೆ ನೋಡಲಿಲ್ಲ.

ಫಲಿತಾಂಶ ಬಂತು. ಗಂಗರತ್ನ ಮೊದಲು. ಸುಗುಣ ಮೂರನೆಯವಳು. ವೇದಿಕೆ, ಮೈಕು, ಚಪ್ಪಾಳೆ ಯಾವುದೂ ಇಲ್ಲದ ಸಮಾರಂಭ ಮಾಡಿದೆವು. ಚಪ್ಪಾಳೆಯ ಬದಲು ಹನ್ನೊಂದು ಹುಡುಗಿಯರು ಹನ್ನೊಂದು ಬಿಳಿ ಬಟ್ಟೆ ಎತ್ತಿ ಬೀಸಿದರು. ನಾನು ಬೇಕಾದಷ್ಟು ಸನ್ಮಾನ ನೋಡಿದ್ದೇನೆ, ಮಾಡಿಸಿಕೊಂಡೂ ಇದ್ದೇನೆ. ಇಂಥದ್ದು ನೋಡಿರಲಿಲ್ಲ. ಸುಗುಣ ಸರ್ಟಿಫಿಕೇಟನ್ನು ಮೂಸಿ ನೋಡಿ, ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿ, ಸೂಜಿಪೆಟ್ಟಿಗೆಯೊಳಗೆ ಇಟ್ಟುಕೊಂಡಳು. ಫ್ರೇಮ್ ಹಾಕಿಸಬೇಕೆಂದಿದ್ದ ನನ್ನ ಆಸೆ ಅಲ್ಲಿಗೆ ಮುಗಿಯಿತು.

ಈಗ ಅವಳು ನಮ್ಮಲ್ಲೇ ಹೊಸ ಬ್ಯಾಚಿಗೆ ಹೆಮ್ಮಿಂಗ್ ತೋರಿಸುತ್ತಾಳೆ. ಮಾತಿಲ್ಲದೆ. ಮಾಡಿ ತೋರಿಸುವುದಕ್ಕೆ ಮಾತು ಯಾಕೆ?

ಹೋದ ವಾರ ಇನ್ನೊಂದು ಕೆಲಸಕ್ಕೂ ಕರೆ ಬಂತು. ಬಂಗಾರಪೇಟೆಯಲ್ಲಿ ನನಗೆ ಪರಿಚಯವಿರುವ ಒಬ್ಬರು ಹೆಡ್‌ಮಾಸ್ಟರ್ ಇದ್ದಾರೆ. ಅವರ ಶಾಲೆಯ ಎರಡನೇ ಕ್ಲಾಸಿನಲ್ಲೊಬ್ಬಳು ಪುಟ್ಟ ಹುಡುಗಿ ದಿನವಿಡೀ ಬೆಂಚಿನ ಕೆಳಗೆ ಕೂರುತ್ತಾಳಂತೆ. ಅವಳಿಗೂ ಆಟಿಸಂ. "ನಿಮ್ಮ ಸುಗುಣ ಒಂದ್ಸಲ ಬಂದು ನಮ್ಮ ರೂಮ್ ನೋಡ್ತಾರಾ?" ಎಂದು ಅವರು ಕೇಳಿದರು. ಸುಗುಣಳನ್ನು ಕೇಳಿದೆ. ಒಂದು ದಿನ ಯೋಚಿಸಿ, ತಲೆಯಾಡಿಸಿದಳು.

ಮೊನ್ನೆ ಶನಿವಾರ, ಬಸ್ಸಿನ ಗದ್ದಲಕ್ಕೆಂದು ಸೆಲ್ವಂ ತಂದುಕೊಟ್ಟ, ಫ್ಯಾಕ್ಟರಿಯವರು ಹಾಕಿಕೊಳ್ಳುವಂಥ ದಪ್ಪನೆಯ ಕಿವಿಮುಚ್ಚು ಹಾಕಿಕೊಂಡು, ತಾಯಿಯೊಂದಿಗೆ ಬಂದಿಳಿದಳು. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಆ ಕ್ಲಾಸ್‌ರೂಮಿಗೆ ಹೋದೆವು. ಅವಳು ಕೊನೆಯ ಬೆಂಚಿನಲ್ಲಿ ಕೂತಳು. ಹೆಡ್‌ಮಾಸ್ಟರ್ ಶಾಲೆಯ ಸಾಧನೆಗಳನ್ನು ವಿವರಿಸಲು ಶುರು ಮಾಡಿದರು.

"ಸಾರ್, ಒಸಿ ಸುಮ್ನಿರಿ," ಎಂದರು ಮುನಿರತ್ನಮ್ಮ.

ಹೆಡ್‌ಮಾಸ್ಟರ್ ಸುಮ್ಮನಾದರು. ನನಗೆ ಎಷ್ಟು ಖುಷಿಯಾಯಿತು ಅಂತೀರಿ!

ಕಾಲು ಗಂಟೆಯ ನಂತರ ಸುಗುಣ ಎದ್ದು, ಮಕ್ಕಳ ತಲೆಯ ಮೇಲೆ ದಾರದಲ್ಲಿ ನೇತುಹಾಕಿದ್ದ ಬಣ್ಣದ ಕಾಗದದ ಚಿಟ್ಟೆಗಳನ್ನು ಒಂದೊಂದಾಗಿ ಬಿಚ್ಚಿದಳು. ಕಬ್ಬಿಣದ ಬೆಂಚನ್ನು ಎಳೆದಳು. ಕಿರ್ರೆಂದು ಕಿರುಚಿತು. ಚೀಲದಿಂದ ತಾನೇ ಹೊಲಿದು ತಂದಿದ್ದ ದಪ್ಪ ಬಟ್ಟೆಯ ಕಾಲುಚೀಲಗಳನ್ನು ತೆಗೆದು ಬೆಂಚಿನ ನಾಲ್ಕು ಕಾಲಿಗೂ ತೊಡಿಸಿ, ಮತ್ತೆ ಎಳೆದಳು. ಸದ್ದಿಲ್ಲ. ಬಾಗಿಲ ಮೇಲಿನ ಬೆಲ್ ಕಡೆ ಬೆರಳು ತೋರಿಸಿದಳು. ಕಿಟಕಿಯ ಪಕ್ಕದ ಮೂಲೆಯಲ್ಲಿ ಹೋಗಿ ನಿಂತು, ಅಲ್ಲಿ ಕೂತು ನೋಡಿ, "ಇಲ್ಲಿ," ಎಂದಳು.

ಹೆಡ್‌ಮಾಸ್ಟರ್ ಎಲ್ಲವನ್ನೂ ಬರೆದುಕೊಂಡರು. ಸೋಮವಾರ ಏಣಿ ತರಿಸಿ ಬೆಲ್ ಇಳಿಸುವುದಾಗಿ ಹೇಳಿದರು. ಆಮೇಲೆ ಮುನಿರತ್ನಮ್ಮನನ್ನು ಪಕ್ಕಕ್ಕೆ ಕರೆದು, ತುಂಬ ಅಭಿಮಾನದಿಂದಲೇ ಕೇಳಿದರು, "ನಿಮ್ಮ ಮಗಳಿಗೆ ಈಗ ಪೂರ್ತಿ ವಾಸಿ ಆಗಿದೆ ಅಲ್ವಾ ತಾಯಿ?"

ಮುನಿರತ್ನಮ್ಮ ಮಗಳನ್ನು ನೋಡಿದರು. ಅವಳಾಗಲೇ ಕಿವಿಮುಚ್ಚು ಹಾಕಿಕೊಂಡು ಗೇಟಿನ ಕಡೆ ನಡೆಯುತ್ತಿದ್ದಳು.

"ಅವ್ಳು ಉಟ್ಟಿದಾಗ್ಲಿಂದ್ಲೂ ಇಂಗೇ ಅವ್ಳೆ ಸಾರ್," ಎಂದರು. "ವಾಸಿಯಾಗಿದ್ದು ರೂಮು."